ಮರಳುಗಾಡಿನಲ್ಲಿ ಹದಿನೈದು ದಿನ ಮೊದಲೇ ಬಂದ ಶ್ರಾವಣ

ಟೂರಿಸಂ ಕೋರ್ಸು ಮುಗಿಸಿ ನನ್ನನ್ನು ನೋಡಲು ಬರುವ ಮಕ್ಕಳೆಲ್ಲ ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ. "ಅಂಕಲ್, ಮರಳುಗಾಡಿನ ಕಡೆ ಹೋಗೋಕೆ ಬೆಸ್ಟ್ ಸೀಸನ್ ಯಾವ್ದು?" ಕೇಳುವವರ ಕೈಯಲ್ಲೇ ಫೋನಿರುತ್ತದೆ, ಅದರೊಳಗೆ ಉತ್ತರವೂ ಇರುತ್ತದೆ. ದೀಪಾವಳಿ ಕಳೆದ ಮೇಲೆ ಹೊರಡಿ, ಶಿವರಾತ್ರಿಯೊಳಗೆ ಬಂದುಬಿಡಿ ಅಂತ. ಸರಿಯಾದ ಉತ್ತರವೇ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಕಡೂರಿನ ಒಂದು ಯಾತ್ರಾ ಬಸ್ಸಿನ ಮೇನೇಜರ್ ಆಗಿದ್ದ ನನಗೆ ಆ ಉತ್ತರ ಗೊತ್ತಿದ್ದಿದ್ದರೆ ನನ್ನ ಬದುಕು ಬೇರೆಯೇ ಆಗಿಬಿಡುತ್ತಿತ್ತು.

ಮೇನೇಜರ್ ಅಂದ ಕೂಡಲೇ ಕೋಟು ಟೈ ಎಲ್ಲ ಊಹಿಸಿಕೊಳ್ಳಬೇಡಿ. ಧರ್ಮಶಾಲೆಯಲ್ಲಿ ಮರೆತುಬಂದ ಹಲ್ಲಿನ ಸೆಟ್ಟು ತರಲು ಓಡುವವನು, ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ಅಕ್ಕತಂಗಿಯರ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವವನು, ಅಡುಗೆಯವನಿಗೆ ಸಿಟ್ಟು ಬಂದ ದಿನ ತಾನೇ ಮುದ್ದೆ ತಿರುವುವವನು ಮೇನೇಜರ್. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾಸಿಕದಲ್ಲಿ ಬಸ್ಸು ಹೊರಡಿಸುವ ಮುಂಚೆ ತಲೆ ಎಣಿಸಿದೆ. ನಲವತ್ತೆರಡು, ಸರಿಯಾಗಿತ್ತು. ಐವತ್ತು ಮೈಲಿ ಹೋದ ಮೇಲೆ ದೇವನೂರಿನ ಒಬ್ಬ ಹೆಂಗಸು, "ಮೇನೇಜರ್ರೇ, ನಮ್ಮೆಜಮಾನ್ರು ಎಲ್ಲಿ?" ಅಂದರು. ಅವರ ಯಜಮಾನರ ಸೀಟಿನಲ್ಲಿ ಯಾರೋ ಮರಾಠಿ ಅಜ್ಜ ರುಮಾಲು ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದ. ನೆರಳಿದೆಯೆಂದು ಹತ್ತಿ ಮಲಗಿದ್ದನಂತೆ. ಅಂದಿನಿಂದ ತಲೆ ಎಣಿಸುವುದನ್ನು ಬಿಟ್ಟು ಹೆಸರು ಕೂಗುವ ಪದ್ಧತಿ ಶುರುಮಾಡಿದೆ. ನೀವೂ ಹೆಸರನ್ನೇ ಕೂಗಿ.

ನಮ್ಮ ಧಣಿ ರುದ್ರಣ್ಣನವರು. ಅವರಿಗಿದ್ದದ್ದು ಒಂದೇ ಬಸ್ಸು, ಆದರೆ ಸಿಟ್ಟು ಮಾತ್ರ ಹತ್ತು ಬಸ್ಸಿಗಾಗುವಷ್ಟು. ರಾಗಿ ಒಕ್ಕಣೆ ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಕಡೆ ಜನ ಯಾತ್ರೆಗೆ ಹೊರಡುತ್ತಿದ್ದರು. ಮುಂಗಾರು ಶುರುವಾಯಿತೆಂದರೆ ಬಸ್ಸು ಶೆಡ್ಡು ಸೇರುತ್ತಿತ್ತು, ನಾವು ಜಗಲಿ ಸೇರುತ್ತಿದ್ದೆವು. ಹಾಗೆ ಕೂತು ಕಡ್ಲೆಪುರಿ ತಿನ್ನುತ್ತಿದ್ದಾಗ ಒಂದು ದಿನ ಧಣಿ ಬಂದು ನಿಂತರು.

"ಲೇ ಶಿವಣ್ಣ, ಮಳೆಗಾಲದಲ್ಲೂ ಬಸ್ಸು ಓಡ್ಬೇಕು ಕಣೋ."

"ರಸ್ತೆಯೆಲ್ಲ ಕೆಸರಾಗಿರುತ್ತಲ್ಲ ಧಣಿ, ಜನ ಬರಲ್ಲ."

"ಮಳೆ ಬೀಳದೆ ಇರೋ ಊರು ಹುಡುಕು. ಇಷ್ಟು ದೊಡ್ಡ ದೇಶದಲ್ಲಿ ಒಂದೂ ಇಲ್ವಾ?"

ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಮಳೆ ಬೀಳದ ಊರೆಂದರೆ ಮರಳುಗಾಡು! ರಾಜಸ್ಥಾನದ ಕೊನೆಗಿರುವ ಜೈಸಲ್ಮೇರು! ಇನ್ನು ಬಿಸಿಲಿನ ಮಾತು. ಕಡೂರಿನಲ್ಲಿ ಯುಗಾದಿಯಿಂದ ರೋಹಿಣಿ ಮಳೆಯ ತನಕ ಸೆಕೆ. ಮೃಗಶಿರ ಮಳೆ ಹನಿಯಿತೆಂದರೆ ತಣ್ಣಗೆ ಗಾಳಿ ಬೀಸಿ, ಆರಿದ್ರಾ ಮಳೆ ಹೊತ್ತಿಗೆ ಮೈಗೆ ಹೊದಿಕೆ ಬೇಕಾಗುತ್ತದೆ. ನಮ್ಮಲ್ಲಿ ಹೊದಿಕೆ ಬೇಕಾದ ಕಾಲದಲ್ಲಿ ಅಲ್ಲಿ ಮಾತ್ರ ಬೆಂಕಿ ಇರುತ್ತದೆಯೇ? ಲೋಕಕ್ಕೆಲ್ಲ ಬೇಸಿಗೆ ಒಂದೇ ಎಂದು ನಾನು ನಂಬಿದ್ದೆ. ನಂಬದೆ ಇರುವವನನ್ನು ಆಗ ನಮ್ಮ ತಾಲ್ಲೂಕಿನಲ್ಲಿ ನಾನು ಕಂಡಿರಲಿಲ್ಲ.

ಆದರೂ ಒಂದು ಎಚ್ಚರಿಕೆ ವಹಿಸಿದೆ. ಹಿಂದಿ ಪಂಡಿತರಿಂದ ಪತ್ರ ಬರೆಸಿ, ಜೈಸಲ್ಮೇರಿನ ಒಂದು ಧರ್ಮಶಾಲೆಯ ಮುನೀಮರನ್ನು, ಅಂದರೆ ಅದನ್ನು ನೋಡಿಕೊಳ್ಳುವವರನ್ನು, ನಿಮ್ಮ ಕಡೆಗೆ ಬರಲು ಯಾವ ಕಾಲ ಒಳ್ಳೆಯದೆಂದು ಕೇಳಿದೆ. ಕಾರ್ಡಿನಲ್ಲಿ ಉತ್ತರ ಬಂತು. "ಸಾವನ್‌ನಲ್ಲಿ ಬನ್ನಿ. ಅದಕ್ಕಿಂತ ಚಂದದ ಕಾಲ ನಮ್ಮಲ್ಲಿಲ್ಲ." ಸಾವನ್ ಅಂದರೆ ಶ್ರಾವಣ ಎಂದರು ಪಂಡಿತರು. ನೋಡಿ, ಮಳೆಗಾಲವೇ ಚಂದವೆಂದು ಆ ಊರಿನವರೇ ಹೇಳುತ್ತಿದ್ದಾರೆ! ಆದರೆ ಶ್ರಾವಣದಲ್ಲಿ ನಮ್ಮ ಜನ ಹಬ್ಬ ಬಿಟ್ಟು ಮನೆಯಿಂದ ಕದಲುವುದಿಲ್ಲ. ಒಂದು ತಿಂಗಳು ಮುಂಚೆ ಹೋದರೆ ಏನು ಮಹಾ ವ್ಯತ್ಯಾಸವೆಂದು ನಾನೇ ತೀರ್ಮಾನಿಸಿದೆ.

ಇಲ್ಲಿ ಗಿರಿಜೆಯ ವಿಷಯ ಹೇಳಬೇಕು. ಆಗಿನ್ನೂ ಬೇರೆ ಊರಿಗೆ ಫೋನ್ ಮಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಕಡೂರಿನಲ್ಲಿ ಕರೆ ಜೋಡಿಸಿಕೊಡುತ್ತಿದ್ದ ಹುಡುಗಿ ಅಜ್ಜಂಪುರದವಳು, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಧರ್ಮಶಾಲೆಗಳಿಗೆಲ್ಲ ನಾನು ದಿನಾ ಕರೆ ಮಾಡುವವನು. ಲೈನು ಸಿಗುವವರೆಗೆ ಒಂದೆರಡು ಮಾತು. ಮೊದಲು ಮಳೆಯ ಮಾತು, ಆಮೇಲೆ ತಿಂಡಿಯ ಮಾತು, ಆಮೇಲೆ ಕರೆ ಬೇಕಿಲ್ಲದಿದ್ದರೂ ಬುಕ್ ಮಾಡುವ ಚಟ. ತರೀಕೆರೆಯಿಂದ ನಮ್ಮ ಅಣ್ಣ ಹೋಗಿ ಹೆಣ್ಣು ಕೇಳಿಯೂ ಬಂದ. ಅವಳ ತಂದೆ ವೀರಭದ್ರಪ್ಪ ಮೇಷ್ಟ್ರು ಹೆಡ್‌ಮಾಸ್ತರಾಗಿ ರಿಟೈರಾದವರು, ಪಂಚಾಂಗ ನೋಡದೆ ಕ್ಷೌರಕ್ಕೂ ಕೂರದವರು. "ಭದ್ರಾವತಿ ಇಂಜಿನಿಯರ್ ಕಡೆಯೋರೂ ಕೇಳಿದ್ದಾರೆ. ಇನ್ನೇನು ಆಷಾಢ ಬಂತು, ಆಗ ಮದುವೆ ಮಾತು ಎತ್ತೋ ಹಾಗಿಲ್ಲ. ಶ್ರಾವಣ ಹುಟ್ಟಿದ ದಿನ ಅವ್ರು ಬರ್ತಾರೆ, ನೋಡೋಣ" ಅಂದಿದ್ದರಂತೆ.

ನಾನು ಓಡಿಹೋಗಿ ಒಂದು ಟ್ರಂಕ್ ಕಾಲ್ ಬುಕ್ ಮಾಡಿದೆ. ಫೋನಿನಲ್ಲಿ ಗಿರಿಜೆ ಮಾತ್ರ ನಗುತ್ತಲೇ ಹೇಳಿದಳು.

"ಅಪ್ಪನ್ನ ನಿಮ್ಮ ಮರಳುಗಾಡಿಗೆ ಕರ್ಕೊಂಡ್ ಹೋಗಿ. ಚೆನ್ನಾಗಿ ನೋಡ್ಕೊಳ್ಳಿ. ಅವ್ರಿಗೆ ಮನುಷ್ಯರ ಮೇಲೆ ನಂಬಿಕೆ ಬರೋದು ಪರೀಕ್ಷೆ ಮಾಡಿದ ಮೇಲೇನೇ."

ನಾನು ಉಬ್ಬಿಹೋದೆ. ಕರಪತ್ರ ಅಚ್ಚು ಹಾಕಿಸಿದೆ. "ಮುಂಗಾರಿನ ತಂಪಿನಲ್ಲಿ ಮರಳುಗಾಡಿನ ದರ್ಶನ!" ಕೆಳಗೆ ಹತ್ತು ಭರವಸೆಗಳು. ತಂಪಾದ ಹವೆ, ವೇಳೆಗೆ ಸರಿಯಾಗಿ ಕಾಫಿ, ಸುಖವಾದ ಒಂಟೆ ಸವಾರಿ, ಹೀಗೆ. ಆಷಾಢ ಹುಟ್ಟುವ ಮೊದಲೇ ಹೊರಟುಬಿಟ್ಟರೆ ದೋಷವಿಲ್ಲವೆಂದು ಮೇಷ್ಟ್ರೇ ಶಾಸ್ತ್ರ ನೋಡಿ ಹೇಳಿದರು. ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ಎರಡು ದಿನ ಮುಂಚೆ ನಲವತ್ತೊಂದು ಜನ ಹತ್ತಿದರು. ಎಲ್ಲರ ಬಗಲಲ್ಲೂ ಛತ್ರಿ, ಹೆಗಲ ಮೇಲೆ ಕಂಬಳಿ. ಮೇಷ್ಟ್ರು ಕೈ ಹೆಣಿಗೆಯ ಹಸಿರು ಸ್ವೆಟರ್ ಹಾಕಿಕೊಂಡು ಬಂದಿದ್ದರು. ಸೀಟಿನಲ್ಲಿ ಕೂತವರೇ ನನ್ನ ಕರಪತ್ರವನ್ನು ತೊಡೆಯ ಮೇಲೆ ಬಿಡಿಸಿ, ಜೇಬಿನಿಂದ ಒಂದು ತುದಿ ಕೆಂಪು, ಒಂದು ತುದಿ ನೀಲಿಯಿದ್ದ ಪೆನ್ಸಿಲ್ ತೆಗೆದರು.

"ಮೇನೇಜರ್ರೇ, ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಮಾರ್ಕು. ಪಾಸಾಗೋಕೆ ಮೂವತ್ತೈದು ಸಾಕು. ನಾನು ಕಟ್ಟುನಿಟ್ಟಿನ ಮನುಷ್ಯ, ಆದ್ರೆ ಕಟುಕ ಅಲ್ಲ" ಅಂದರು. ಏನು ಪಾಸಾಗುವುದು, ಯಾಕೆ ಪಾಸಾಗುವುದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಪಂಢರಪುರ, ತ್ರ್ಯಂಬಕ, ಸೋಮನಾಥ, ದ್ವಾರಕೆ. ಅಲ್ಲಿಯವರೆಗೆ ಮಳೆ, ತಂಪು, ಭಜನೆ. ಕಾಫಿಗೆ ಎಂಟು ಮಾರ್ಕು ಬಿತ್ತು. ಮನಸ್ಸಿನಲ್ಲೇ ನಾನು ಲಗ್ನಪತ್ರಿಕೆ ಬರೆಸುತ್ತಿದ್ದೆ. ಅಬು ಬೆಟ್ಟ ಇಳಿದು ಜೋಧಪುರದ ದಾರಿ ಹಿಡಿದೆವು ನೋಡಿ, ಯಾರೋ ಒಲೆಯ ಬಾಯಿ ನಮ್ಮ ಕಡೆ ತಿರುಗಿಸಿದಂತಾಯಿತು. ಕಿಟಕಿಯ ಕಬ್ಬಿಣ ಮುಟ್ಟಿದವರು ಕೈ ಕಿತ್ತುಕೊಂಡರು. ಜನ ಕಂಬಳಿಯನ್ನು ಸೀಟಿನ ಕೆಳಗೆ ತುರುಕಿದರು, ಟವೆಲು ಒದ್ದೆ ಮಾಡಿ ತಲೆಗೆ ಹಾಕಿದರು, ಅದು ಹಪ್ಪಳವಾಯಿತು. ನಲವತ್ತೊಂದು ಜನರ ನಲವತ್ತೊಂದು ಛತ್ರಿಯೂ ಬಸ್ಸಿನೊಳಗೇ ಬಿಚ್ಚಿಕೊಂಡವು. ಡ್ರೈವರ್ ಹನೀಫ್ ಸಾಬಿಗೆ ಹಿಂದಿನ ಗಾಜು ಕಾಣದೆ, "ಶಿವಣ್ಣಾ, ಇದು ಬಸ್ಸಾ, ಛತ್ರಿ ಅಂಗಡೀನಾ?" ಅಂತ ಕೂಗಿದ.

ಹಿಂದಿನಿಂದ ಒಬ್ಬರು, "ಮೇನೇಜರ್ರೇ, ಮುಂಗಾರಿನ ತಂಪು ಎಲ್ರೀ?" ಅಂದರು. ಆಮೇಲೆ ಅದೇ ಪಲ್ಲವಿಯಾಯಿತು. ಒಬ್ಬರು "ಮುಂಗಾರಿನ ತಂಪು" ಅನ್ನುವುದು, ಉಳಿದವರೆಲ್ಲ "ಎಲ್ರೀ?" ಅನ್ನುವುದು. ಮೇಷ್ಟ್ರು ಸ್ವೆಟರ್ ತೆಗೆದು ಮಡಿಸಿ, ಕರಪತ್ರದಲ್ಲಿ "ತಂಪಾದ ಹವೆ" ಅನ್ನುವುದರ ಮುಂದೆ ಕೆಂಪು ಸೊನ್ನೆ ಹಾಕಿದರು. ಅಷ್ಟು ದುಂಡಗಿನ ಸೊನ್ನೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಡೀ ಬಸ್ಸಿನಲ್ಲಿ ಖುಷಿಯಾಗಿದ್ದವರು ಪಂಚನಹಳ್ಳಿಯ ರಂಗಜ್ಜಿ ಒಬ್ಬರೇ. ಎಪ್ಪತ್ತು ದಾಟಿದ ಜೀವ. ಕಿಟಕಿಯಾಚೆಯ ಬಟಾಬಯಲು, ಜಾಲಿಗಿಡ, ಕೊಡ ಹೊತ್ತು ಸಾಲಾಗಿ ಹೋಗುವ ಹೆಂಗಸರನ್ನು ನೋಡಿ, "ಅಯ್ಯೋ, ಇದು ನಮ್ಮೂರೇ ಕಣ್ರೋ! ತೆಂಗಿನಮರ ಒಂದು ಕಿತ್ತಾಕಿದ್ರೆ ಹಿಂಗೇ ಇರೋದು. ಇದನ್ನ ನೋಡಕ್ಕೆ ಇಷ್ಟು ದೂರ ಬಂದ್ವಾ?" ಎಂದು ಬಿದ್ದು ಬಿದ್ದು ನಕ್ಕರು.

ಜೈಸಲ್ಮೇರು ಮುಟ್ಟಿದ ಮಧ್ಯಾಹ್ನ ಒಂಟೆ ಸವಾರಿ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ನಾನು ಮೇಷ್ಟ್ರಿಗೂ ಹೇಳಿರಲಿಲ್ಲ. ಮೇಷ್ಟ್ರು ಮುಂದಕ್ಕೆ ಜಾರಿ ಒಂಟೆಯ ಕುತ್ತಿಗೆ ತಬ್ಬಿಕೊಂಡರು. ಅದು ಮುಂಗಾಲು ಎತ್ತಿದಾಗ ಹಿಂದಕ್ಕೆ ಬಂದರು. ಪಂಚೆಯೊಂದು ಬಿಟ್ಟು ಉಳಿದೆಲ್ಲ ಮರಳಿಗೆ ಬಿತ್ತು. ಪಂಚಾಂಗ, ಕನ್ನಡಕ, ಪೆನ್ಸಿಲ್. ಇಳಿದವರೇ ಪೆನ್ಸಿಲ್ ಹುಡುಕಿಕೊಂಡು ಎರಡು ಮಾರ್ಕು ಹಾಕಿದರು. ನಾನು ಹಿಂದಿನಿಂದ ಕತ್ತು ಚಾಚಿ ಒಟ್ಟು ಕೂಡಿದೆ. ಇಪ್ಪತ್ತೆಂಟು. ಉಳಿದ ಪ್ರಶ್ನೆ ಒಂದೂ ಇರಲಿಲ್ಲ.

ಆ ಸಂಜೆ ಧರ್ಮಶಾಲೆಯ ಹಿಂದೆ ಕೂತು ನಾನು ಅತ್ತೆ. ನಾಚಿಕೆಯೇನು, ಈಗ ಹೇಳಿದರೆ. ನಮ್ಮೂರಿಗೆ ಬಸ್ಸು ವಾಪಸು ಮುಟ್ಟುವ ಹೊತ್ತಿಗೇ ಶ್ರಾವಣ ಹುಟ್ಟುತ್ತದೆ, ಇಂಜಿನಿಯರ್ ಕಡೆಯವರು ಅಜ್ಜಂಪುರಕ್ಕೆ ಬಂದು ಮೇಷ್ಟ್ರ ಜೊತೆ ಎಲೆಅಡಿಕೆ ಬದಲಾಯಿಸಿಕೊಳ್ಳುತ್ತಾರೆ. ನಾನು ಫೇಲಾದ ಕರಪತ್ರ ಹಿಡಿದುಕೊಂಡು ಬಸ್ಸಿನಿಂದ ಇಳಿಯುತ್ತೇನೆ. ರಂಗಜ್ಜಿ ಬಂದು ಪಕ್ಕದಲ್ಲಿ ಕೂತು, "ಅಳ್ಬೇಡ ಮಗಾ, ಇರೋ ನೀರೂ ಹೋಗ್ಬಿಡುತ್ತೆ" ಅಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕೊಬ್ಬರಿ ಚೂರು ಕೊಟ್ಟರು.

ಬೆಳಿಗ್ಗೆ ಎದ್ದರೆ ಧರ್ಮಶಾಲೆಯ ಬಾಗಿಲಿಗೆ ತೋರಣ! ಮುನೀಮರು, ನನಗೆ ಕಾರ್ಡು ಬರೆದಿದ್ದವರೇ, ಹೊಸ ಪೇಟ ಸುತ್ತಿಕೊಂಡು ಎಲ್ಲರಿಗೂ ಸಿಹಿ ಹಂಚುತ್ತಿದ್ದರು. ಹನೀಫ್ ಸಾಬಿ ಅವರ ಹತ್ತಿರ ಮಾತಾಡಿ ಬಂದು, "ಇವತ್ತಿಂದ ಸಾವನ್ ಅಂತೆ ಮೇಷ್ಟ್ರೇ. ಅಂದ್ರೆ ನಿಮ್ಮ ಶ್ರಾವಣ" ಅಂದ.

"ಏನು ಮಾತಾಡ್ತೀಯೋ ಹನೀಫಾ? ನಿನ್ನೆ ಆಷಾಢದ ಹುಣ್ಣಿಮೆ. ಶ್ರಾವಣಕ್ಕೆ ಇನ್ನೂ ಹದಿನೈದು ದಿನ ಇದೆ" ಎಂದು ಮೇಷ್ಟ್ರು ಗುಡುಗಿದರು.

ಮುನೀಮರು ಒಪ್ಪಲಿಲ್ಲ. ಒಳಗೆ ಹೋಗಿ ತಮ್ಮ ಪಂಚಾಂಗ ತಂದರು. ಮೇಷ್ಟ್ರು ತಮ್ಮದನ್ನು ತೆಗೆದರು. ಅಂಗಳದ ಹಗ್ಗದ ಮಂಚದ ಮೇಲೆ ಎರಡೂ ಪಂಚಾಂಗ ಬಿಚ್ಚಿಕೊಂಡು, ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಹಿರಿಯರು ಬೆರಳಿಟ್ಟು ವಾದಕ್ಕಿಳಿದರು. ಮಧ್ಯೆ ಹನೀಫ್ ಸಾಬಿ ದುಭಾಷಿ. ತಿಥಿ ನೋಡಿದರೆ ಎರಡರಲ್ಲೂ ಒಂದೇ. ವಾರ ಒಂದೇ. ನಕ್ಷತ್ರ ಒಂದೇ. ಮಾಸದ ಹೆಸರು ಮಾತ್ರ ಬೇರೆ! ಕೊನೆಗೆ ಗುಟ್ಟು ಬಿಚ್ಚಿಕೊಂಡಿತು. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಅವರಲ್ಲಿ ಹುಣ್ಣಿಮೆಗೆ. ಹುಣ್ಣಿಮೆ ಕಳೆದ ಬೆಳಿಗ್ಗೆ ಅವರಿಗೆ ಹೊಸ ಮಾಸ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷ ಮಕ್ಕಳಿಗೆ ಮಾಸಗಳ ಹೆಸರು ಬಾಯಿಪಾಠ ಮಾಡಿಸ್ದೆ. ಇದು ನಂಗೇ ಗೊತ್ತಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು. ಆಮೇಲೆ, "ಹಾಗಾದ್ರೆ ಈಗ ನಾನು ಯಾವ ಮಾಸದಲ್ಲಿದ್ದೀನಿ?"

"ನಿಮ್ಮ ಕಾಲು ಯಾವ ಊರಲ್ಲಿದ್ಯೋ ಆ ಊರಿನ ಮಾಸ" ಅಂದ ಹನೀಫ್ ಸಾಬಿ.

ಅವನು ಹೇಳಿ ಮುಗಿಸಿದ್ದನೋ ಇಲ್ಲವೋ, ಪಶ್ಚಿಮದ ಕಡೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊದಲು ಧೂಳು ಎದ್ದಿತು. ಹಿಂದೆಯೇ ಕಾಸಗಲದ ಹನಿಗಳು ಬಿದ್ದವು. ಮಳೆ! ಮಳೆಯೇ ಬೀಳದ ಊರೆಂದು ನಾನು ಆರಿಸಿದ್ದ ಊರಿನಲ್ಲಿ ಮಳೆ! ನಮ್ಮವರೆಲ್ಲ ಅಭ್ಯಾಸಬಲದಿಂದ ಹೋ ಎಂದು ಒಳಕ್ಕೆ ಓಡಿದರು. ಆ ಊರಿನವರೆಲ್ಲ ಹೋ ಎಂದು ಹೊರಕ್ಕೆ ಓಡಿದರು. ಬಾಗಿಲಲ್ಲಿ ಎರಡು ಗುಂಪೂ ಡಿಕ್ಕಿ ಹೊಡೆದು ಸಿಕ್ಕಿಕೊಂಡವು. ಅಂಗಳದಲ್ಲಿ ಕೊಡ, ಪಾತ್ರೆ, ಬಾಣಲೆ ಸಾಲು ನಿಂತವು. ಹೆಂಗಸರು ಕೈ ಕೈ ಹಿಡಿದು ಸುತ್ತತೊಡಗಿದರು. ನಮ್ಮಲ್ಲಿ ಕೆಲವರು ಛತ್ರಿ ಬಿಚ್ಚಿದ್ದನ್ನು ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆಗೆ ಛತ್ರಿ ಹಿಡಿಯುವ ಮೂರ್ಖರನ್ನು ಅವರು ಮೊದಲ ಸಲ ನೋಡುತ್ತಿದ್ದರು.

ರಂಗಜ್ಜಿ ತಮ್ಮ ಛತ್ರಿ ಮಡಿಸಿ ನನ್ನ ಕೈಗಿಟ್ಟು, ಆ ಹೆಂಗಸರ ಸಾಲಿಗೆ ಸೇರಿಕೊಂಡರು. "ಲೇ ಮೇನೇಜರಾ, ಮುಂಗಾರಿನ ತಂಪು ಇಲ್ಲೈತೆ ಕಣೋ!" ಎಂದು ಕೂಗಿದರು. ಈ ಸಲ ಇಡೀ ಬಸ್ಸಿನ ಜನ "ಇಲ್ಲೈತ್ರೀ!" ಎಂದು ಕೂಗಿಕೊಂಡು ಮಳೆಗೆ ನುಗ್ಗಿದರು. ಅಡುಗೆಯವನು ಸೌಟು ಹಿಡಿದೇ ಕುಣಿದ.

ಮೇಷ್ಟ್ರು ಮಳೆಯಲ್ಲಿ ಅಲ್ಲಾಡದೆ ನಿಂತಿದ್ದರು. ನೆಂದ ಕರಪತ್ರ ಕೈಯಲ್ಲಿತ್ತು. ನನ್ನನ್ನು ಹತ್ತಿರ ಕರೆದರು.

"ಶಿವಣ್ಣ, ನಿನಗೆ ಎಷ್ಟು ಬಂದಿದೆ ಗೊತ್ತೇನಪ್ಪಾ?" ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಇಪ್ಪತ್ತೆಂಟು, ಮೇಷ್ಟ್ರೇ."

"ಈ ಮಳೆಗೆ ಏಳು ಗ್ರೇಸ್ ಮಾರ್ಕ್ಸು. ಮೂವತ್ತೈದು ಆಯ್ತು." ಪೆನ್ಸಿಲಿನಿಂದ ಬರೆದೂಬಿಟ್ಟರು. "ಇಲ್ಲಿ ಆಷಾಢ ಮುಗಿದಿದೆ. ಮದುವೆ ಮಾತು ಆಡೋಕೆ ದೋಷ ಇಲ್ಲ. ಇಂಜಿನಿಯರ್ ಕಡೆಯೋರ ಶ್ರಾವಣ ಹುಟ್ಟೋಕೆ ಇನ್ನೂ ಹದಿನೈದು ದಿನ ಇದೆ. ನಿಂದು ಮೊದಲು ಬಂತು. ನನ್ನ ಮಗಳು ಒಪ್ಪಿದ್ರೆ ಕೊಡ್ತೀನಿ."

ನಾನು ಕಾಲಿಗೆ ಬೀಳಲು ಹೋಗಿ ಜಾರಿ ಬಾಣಲೆಯ ಮೇಲೆ ಬಿದ್ದೆ.

ಈ ಕೆಲಸಕ್ಕೆ ಬರುವ ಮಕ್ಕಳಿಗೆ ಒಂದು ಮಾತು, ಮರೆತುಹೋಗುವ ಮುಂಚೆ ಹೇಳಿಬಿಡುತ್ತೇನೆ. ಮುನೀಮರು ನನಗೆ ಸುಳ್ಳು ಬರೆದಿರಲಿಲ್ಲ. ಮಳೆಗಾಗಿ ವರ್ಷವಿಡೀ ಕಾಯುವವರಿಗೆ ಅದೇ ಚಂದದ ಕಾಲ. ನಾನು ಕೇಳಬೇಕಾಗಿದ್ದದ್ದು, "ನಿಮಗೆ ಯಾವ ಕಾಲ ಚಂದ" ಅಂತಲ್ಲ, "ಹೊರಗಿನವರು ಯಾವ ಕಾಲದಲ್ಲಿ ಬಂದರೆ ಬೇಯುವುದಿಲ್ಲ" ಅಂತ. ಅಲ್ಲಿ ತಂಪಿರುವ ತಿಂಗಳುಗಳಲ್ಲಿ ನಮ್ಮ ಜನರ ರಾಗಿ ಹೊಲದಲ್ಲೋ ಕಣದಲ್ಲೋ ಇರುತ್ತದೆ, ಯಾರೂ ಬರುವುದಿಲ್ಲ. ಒಕ್ಕಣೆ ಮುಗಿಯುವುದಕ್ಕೂ ಅಲ್ಲಿ ಬಿಸಿಲು ಏರುವುದಕ್ಕೂ ನಡುವೆ ಎರಡು ಮೂರು ವಾರದ ಸಂದಿಯೊಂದು ಸಿಗುತ್ತದೆ. ಎಂಬತ್ತರ ದಶಕವೆಲ್ಲ ಆ ಸಂದಿಯಲ್ಲೇ ಬಸ್ಸು ತೂರಿಸಿದೆ. ಮಸ್ಕತ್ತಿಗೆ, ಕುವೈತಿಗೆ ಮಕ್ಕಳನ್ನು ನೋಡಲು ಹೋಗುವವರು ಆಮೇಲೆ ಬಂದು ಕೇಳಿದಾಗಲೂ ನಾನು ಮೊದಲು ಕೇಳುತ್ತಿದ್ದದ್ದು, "ನಿಮ್ಮ ಒಕ್ಕಣೆ ಯಾವಾಗ ಮುಗಿಯುತ್ತೆ?" ಅಂತಲೇ. ಛತ್ರಿ ತರಬೇಡಿ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೆ.

ಇರಲಿ. ಮಗಳು ಒಪ್ಪಿದರೆ, ಅಂದಿದ್ದರಲ್ಲ ಮೇಷ್ಟ್ರು. ಅದನ್ನು ತಿಳಿಯದೆ ನನಗೆ ಅನ್ನ ಇಳಿಯಲಿಲ್ಲ. ಮರುದಿನ ಬೆಳಿಗ್ಗೆಯೇ ಅಂಚೆ ಕಚೇರಿಗೆ ಹೋಗಿ ಧಣಿಯ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಕಡೂರಿನ ಯಾವ ನಂಬರಾದರೂ ಜೋಡಿಸುವವಳು ಗಿರಿಜೆಯೇ ತಾನೇ. ನಾನೂ ಮೇಷ್ಟ್ರೂ ಬೆಂಚಿನ ಮೇಲೆ ಮಧ್ಯಾಹ್ನ ಮೂರರವರೆಗೆ ಕಾದೆವು. ಊರಿಂದೂರಿಗೆ ದಾಟಿಕೊಂಡು ಕರೆ ಕಡೂರು ಮುಟ್ಟಿತು. ಗರಗರ ಸದ್ದಿನೊಳಗಿಂದ ಅವಳ ದನಿ ಬಂತು.

"ಕಡೂರು ಎಕ್ಸ್‌ಚೇಂಜ್."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ರಿಸೀವರ್ ಕಿತ್ತುಕೊಂಡರು. "ಗಿರಿಜಾ, ಇಲ್ಲಿ ಶ್ರಾವಣ ಕಣಮ್ಮಾ!" ಎಂದು ಶುರುಮಾಡಿ, ಅಮಾವಾಸ್ಯೆಗೆ ಮುಗಿಯುವ ತಿಂಗಳು ಯಾವುದು, ಹುಣ್ಣಿಮೆಗೆ ಮುಗಿಯುವುದು ಯಾವುದು, ಎರಡರ ನಡುವಿನ ವ್ಯತ್ಯಾಸವೇನು ಎಂದು ಇಡೀ ಅಂಚೆ ಕಚೇರಿ ಕೇಳುವಂತೆ ಪಾಠ ಮಾಡಿದರು. ಕರೆಗೆ ಇದ್ದದ್ದು ಮೂರು ನಿಮಿಷ. ಎರಡೂವರೆ ಅದಕ್ಕೇ ಹೋಯಿತು. ನಾನು ಪಕ್ಕದಲ್ಲಿ ನಿಂತು ಬೆರಳು ಕಚ್ಚಿಕೊಳ್ಳುತ್ತಿದ್ದೆ.

"ಅದಕ್ಕೇ ಶಿವಣ್ಣಂಗೆ ಮಾತು ಕೊಟ್ಟಿದ್ದೀನಿ. ನೀನು ಹೂಂ ಅಂದ್ರೆ, ಭದ್ರಾವತಿಯೋರಿಗೆ ಬರ್ಬೇಡಿ ಅಂತ ಕಾಗದ ಬರೀತೀನಿ. ಏನಂತೀಯಾ?"

ನಾನೂ ರಿಸೀವರಿಗೆ ಕಿವಿ ಒತ್ತಿದೆ. ಆ ಕಡೆಯಿಂದ ಗಿರಿಜೆ ಸ್ವಲ್ಪವೂ ತಡವರಿಸದೆ ಹೇಳಿದಳು.

"ಕಾಗದ ಬೇಡಪ್ಪಾ. ನಿಮ್ಮ ಬಸ್ಸು ಹೊರಟ ವಾರವೇ ಅವರಿಗೆ ಫೋನ್ ಮಾಡಿ ಬರ್ಬೇಡಿ ಅಂತ ನಾನೇ ಹೇಳ್ಬಿಟ್ಟೆ."

"ಆಷಾಢದಲ್ಲಾ!" ಮೇಷ್ಟ್ರು ಕೂಗಿದರು.

"ಆಷಾಢದಲ್ಲಿ ಮದುವೆ ಮಾತು ಆಡ್ಬಾರದು ಅಂತ ತಾನೇ ನೀವು ಹೇಳಿಕೊಟ್ಟಿರೋದು? ಬೇಡ ಅನ್ನೋಕೆ ಯಾವ ಮಾಸ ಆದ್ರೇನಪ್ಪಾ?"

ಲೈನು ಕಟ್ಟಾಯಿತು. ಮೇಷ್ಟ್ರು ರಿಸೀವರ್ ಕೆಳಗಿಟ್ಟರು. ಆಮೇಲೆ ಜೇಬಿನಿಂದ ಒಣಗಿ ಮುದುರಿದ ಕರಪತ್ರ ತೆಗೆದು ಬೆಂಚಿನ ಮೇಲೆ ಹರಡಿ, ಪೆನ್ಸಿಲನ್ನು ತಿರುಗಿಸಿ ಹಿಡಿದು, ಮೂವತ್ತೈದರ ಕೆಳಗೆ ನೀಲಿ ಅಕ್ಷರದಲ್ಲಿ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟರು. "ಫಲಿತಾಂಶ ಪರೀಕ್ಷೆಗೆ ಮೊದಲೇ ಪ್ರಕಟವಾಗಿದೆ."